ಹೊಡೆಯದೆ ಜಗಳ ಬಗೆಹರಿಸುವುದನ್ನು ಒಂದನೇ ತರಗತಿಯಲ್ಲೇ ಕಲಿಸಬೇಕು

ಸಂಪಾದಕರಿಗೆ ಶರಣು.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ನಮ್ಮ ಭಾಗದ ಬಗ್ಗೆ ಪತ್ರಿಕೆಗಳಲ್ಲಿ ಏನು ಬರುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. 2024ರಲ್ಲಿ ಯಾದಗಿರಿ ಕೊನೇ ಸ್ಥಾನ. 2025ರ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಕೊನೇ ಸ್ಥಾನ, ಶೇ 42.43. ಆಮೇಲೆ ಸಭೆ ಆಗುತ್ತದೆ, ಮುಖ್ಯ ಶಿಕ್ಷಕರಿಗೆ ನೋಟಿಸು ಹೋಗುತ್ತದೆ, ಹತ್ತನೇ ತರಗತಿಗೆ ಬೆಳಗ್ಗೆ ಸಂಜೆ ವಿಶೇಷ ತರಗತಿ ಶುರುವಾಗುತ್ತದೆ. ಅದೆಲ್ಲ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ಬರೆಯುತ್ತಿರುವುದು ಒಂದು, ಎರಡು, ಮೂರನೇ ತರಗತಿ ಬಗ್ಗೆ. ಅದರಲ್ಲೂ ಆ ಮಕ್ಕಳ ಹೊಡೆದಾಟದ ಬಗ್ಗೆ. ಇದರ ಬಗ್ಗೆ ಯಾರೂ ಸಭೆ ಕರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿತ್ತಾಪುರ ತಾಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ತೆಗೆದುಕೊಳ್ಳುತ್ತೇನೆ. "ಸಣ್ಣ ಹುಡುಗರು, ಹೊಡದಾಡ್ತಾವ, ಸಂಜಿಗಿ ಮತ್ತ ಕೂಡ್ತಾವ" ಅಂತ ನಮ್ಮ ಊರಲ್ಲಿ ಹೇಳುತ್ತಾರೆ. ಬಹಳ ಸಲ ಅದು ನಿಜ. ಬೆಳಗ್ಗೆ ಕೂದಲು ಹಿಡಿದು ಜಗ್ಗಾಡಿದ ಇಬ್ಬರು ಮಧ್ಯಾಹ್ನ ಒಂದೇ ತಟ್ಟೆಯ ಮುಂದೆ ಕೂತಿರುತ್ತಾರೆ. ಆದರೆ ಎಲ್ಲ ಮಕ್ಕಳೂ ಹಾಗಲ್ಲ. ಪ್ರತಿ ವರ್ಷ ಒಬ್ಬಿಬ್ಬರು ಇರುತ್ತಾರೆ, ಅವರ ಕೈ ಮಾತಿಗಿಂತ ಮೊದಲು ಏಳುತ್ತದೆ. ಇನ್ನೊಬ್ಬಿಬ್ಬರು ಇರುತ್ತಾರೆ, ಹೊಡೆಸಿಕೊಂಡು ಸುಮ್ನೆ ಮೂಲೆ ಸೇರುತ್ತಾರೆ, ನಾಲ್ಕು ದಿನ ಆದ ಮೇಲೆ ಹೊಟ್ಟೆ ನೋವು ಅಂತ ಶಾಲೆಗೇ ಬರುವುದಿಲ್ಲ. ಈ ಎರಡನೇ ಥರದ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬೀಳುತ್ತದೆ, ಅಷ್ಟೇ.

ನಲಿ-ಕಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಪದ್ಧತಿ ಇದು, ಆಮೇಲೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಬಂತು. ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಗುಂಪಿನಲ್ಲಿ ಕಲಿಯುತ್ತಾರೆ. ಐದು ಗುಂಪು. ಒಂದಕ್ಕೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಭಾಗಶಃ ಸಹಾಯ. ಆಮೇಲಿನ ಎರಡು ಗುಂಪಿಗೆ ಸಹಾಯ ಮಾಡುವವರು ಸಹಪಾಠಿಗಳೇ. ಕೊನೆಯದು ಸ್ವಕಲಿಕೆ. ಅಂದರೆ ನಾನು ಒಂದು ಗುಂಪಿನ ಜೊತೆ ಕೂತಿರುವಾಗ ಉಳಿದ ಮಕ್ಕಳು ತಮ್ಮತಮ್ಮೊಳಗೇ ಪಾಠದ ಕಾರ್ಡು ಹಂಚಿಕೊಂಡು, ಸರದಿ ಕಾದು, ಗೊತ್ತಿಲ್ಲದವರಿಗೆ ಹೇಳಿಕೊಟ್ಟು ಮುಂದೆ ಹೋಗಬೇಕು. ಪದ್ಧತಿ ಚೆನ್ನಾಗಿದೆ, ನನಗೆ ಅದರ ಮೇಲೆ ನಂಬಿಕೆ ಇದೆ. ಆದರೆ ಸರದಿ ಕಾಯುವುದು, ಕೇಳಿ ತೆಗೆದುಕೊಳ್ಳುವುದು, ಸೋತಾಗ ತಡೆದುಕೊಳ್ಳುವುದು, ತಪ್ಪು ಹೇಳಿದವನನ್ನು ನೋಡಿ ನಗದೇ ಇರುವುದು, ಇದೆಲ್ಲ ಆರು ವರ್ಷದ ಮಗುವಿಗೆ ಬಂದೇಬಿಟ್ಟಿದೆ ಅಂದುಕೊಂಡು ಆ ಮೇಜಿನ ಸುತ್ತ ಕೂರಿಸುತ್ತೇವೆ. ಅದನ್ನು ಕಲಿಸುವ ಕಾರ್ಡು ಎಲ್ಲಿದೆ? ಪಾಠಗಳನ್ನು ಕ್ರಮವಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಅದಕ್ಕೊಂದು ಮೆಟ್ಟಿಲು ಎಲ್ಲಿದೆ?

ಕಾಗುಣಿತ ಬಾರದ ಮಗುವಿಗೆ ಯಾರೂ "ಇಂವ ಕೆಟ್ಟ ಹುಡುಗ" ಅನ್ನುವುದಿಲ್ಲ. ಬರಲ್ಲ, ಕಲಿಸೋಣ ಅನ್ನುತ್ತೇವೆ. ಸಿಟ್ಟು ಬಂದಾಗ ಕೈ ತಡೆಯಲು ಬಾರದ ಮಗುವಿಗೂ ಅದೇ ಮಾತು ಅನ್ವಯಿಸಬೇಕು ಅಲ್ವಾ? ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಇದೊಂದೇ. ಇದು ಕಲಿಸಿದರೆ ಬರುವ ವಿದ್ಯೆ. ದಿನಾ ಸ್ವಲ್ಪ ಸ್ವಲ್ಪ ಕಲಿಸಬೇಕು, ಸಣ್ಣವರಿದ್ದಾಗಲೇ ಕಲಿಸಬೇಕು, ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಕೊಡಬೇಕು.

ಸಣ್ಣವರಿದ್ದಾಗ ಯಾಕೆ ಅಂದರೆ, ಕೆನಡಾದ ಮಾಂಟ್ರಿಯಲ್‌ನಲ್ಲಿ ರಿಚರ್ಡ್ ಟ್ರೆಂಬ್ಲೇ ಅನ್ನುವ ವಿಜ್ಞಾನಿ ಮಕ್ಕಳನ್ನು ಹುಟ್ಟಿನಿಂದ ದೊಡ್ಡವರಾಗುವ ತನಕ ವರ್ಷಗಟ್ಟಲೆ ಗಮನಿಸಿದರು. ಮನುಷ್ಯ ಅತಿ ಹೆಚ್ಚು ಹೊಡೆಯುವುದು, ಕಚ್ಚುವುದು, ದಬ್ಬುವುದು ಎರಡರಿಂದ ನಾಲ್ಕು ವರ್ಷದ ನಡುವೆ ಅಂತ ಅವರಿಗೆ ಕಂಡುಬಂತು. ನಾವೆಲ್ಲ ಉಲ್ಟಾ ತಿಳಿದಿರುತ್ತೇವೆ. ಮಗು ಮುಗ್ಧ, ಹೊಡೆಯುವುದನ್ನು ಹೊರಗೆ ನೋಡಿ ಕಲಿಯುತ್ತದೆ ಅಂತ. ಮಕ್ಕಳು ನೋಡಿಯೂ ಕಲಿಯುತ್ತಾರೆ, ಅದು ಸುಳ್ಳಲ್ಲ, ಆದರೆ ಹೊಡೆಯುವುದು ಕಲಿಸದೇ ಬರುತ್ತದೆ, ಹೊಡೆಯದೇ ಇರುವುದನ್ನು ಮಗು ದೊಡ್ಡವರ ಸಹಾಯದಿಂದ ನಿಧಾನವಾಗಿ ಕಲಿಯುತ್ತಾ ಹೋಗುತ್ತದೆ. ಬಹುಪಾಲು ಮಕ್ಕಳು ಶಾಲೆ ಸೇರುವ ಹೊತ್ತಿಗೆ ಅರ್ಧ ಕಲಿತಿರುತ್ತಾರೆ. ಕೆಲವರು ಕಲಿತಿರುವುದಿಲ್ಲ. ಅಂಥ ಮಕ್ಕಳಿಗೇ ಅಂಗನವಾಡಿ ಮತ್ತು ಒಂದನೇ ತರಗತಿಯಲ್ಲಿ ನಾವು ಸಿಗುತ್ತೇವೆ.

ಅದೇ ಮಾಂಟ್ರಿಯಲ್‌ನಲ್ಲಿ 1980ರ ದಶಕದಲ್ಲಿ ಬಡ ಬಡಾವಣೆಗಳ ಶಿಶುವಿಹಾರದಲ್ಲಿದ್ದ ಜಗಳಗಂಟ ಹುಡುಗರನ್ನು ಗುರುತಿಸಿ, ಅವರಿಗೆ ಏಳರಿಂದ ಒಂಬತ್ತು ವರ್ಷದ ಒಳಗೆ ಎರಡು ವರ್ಷ, ಗೆಳೆಯರ ಜೊತೆ ಹೇಗೆ ಹೊಂದಿಕೊಳ್ಳಬೇಕು ಅನ್ನುವುದನ್ನು ಕಲಿಸಿದರು. ಮನೆಗೆ ಹೋಗಿ ತಂದೆತಾಯಿಗೂ ಹೇಳಿಕೊಟ್ಟರು. ಆ ಹುಡುಗರು 24 ವರ್ಷದವರಾದಾಗ ನೋಡಿದರೆ, ಈ ಪಾಠ ಸಿಗದ ಹುಡುಗರಿಗಿಂತ ಇವರಲ್ಲಿ ಹೈಸ್ಕೂಲು ಮುಗಿಸಿದವರು ಜಾಸ್ತಿ ಇದ್ದರು, ಪೊಲೀಸ್ ದಾಖಲೆಯಲ್ಲಿ ಹೆಸರು ಬಂದವರು ಕಡಿಮೆ. ಎರಡು ವರ್ಷದ ಕೆಲಸ, ಹದಿನೈದು ವರ್ಷ ಆದ ಮೇಲೂ ಕಾಣುತ್ತಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲೂ 1985ರಲ್ಲಿ ಒಂದನೇ ತರಗತಿ ಮಕ್ಕಳನ್ನು ತಂಡ ಮಾಡಿ, ತಂಡದವರೆಲ್ಲ ಸೇರಿ ನಿಯಮ ಪಾಲಿಸಿದರೆ ತಂಡಕ್ಕೆ ಮೆಚ್ಚುಗೆ ಅನ್ನುವ ಒಂದು ಆಟ ಆಡಿಸಿದರು. ಆಟ ಸರಳವೇ. ಅದರಿಂದ ಹೆಚ್ಚು ಉಪಯೋಗ ಆಗಿದ್ದು ಯಾರಿಗೆ ಅಂದರೆ, ಎಲ್ಲರಿಗಿಂತ ಹೆಚ್ಚು ಹೊಡೆದಾಡುತ್ತಿದ್ದ ಹುಡುಗರಿಗೆ.

ಈಗ ಇದನ್ನು ಕಲಿಸುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ. ಉಪದೇಶದಿಂದ ಇದು ಬರುವುದಿಲ್ಲ. ಪ್ರಾರ್ಥನೆಯಲ್ಲಿ ನಮ್ಮ ಮಕ್ಕಳು ವಚನ ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ, ಹೇಳಿ ಸಾಲಿನಲ್ಲಿ ಒಳಗೆ ಬರುವಾಗಲೇ ಹಿಂದಿನವನು ಮುಂದಿನವನನ್ನು ದಬ್ಬುತ್ತಾನೆ. ವಚನದ ತಪ್ಪಲ್ಲ. ಮಾತು ಬಾಯಿಪಾಠ ಆದರೆ ಸಾಲದು, ಸಿಟ್ಟು ಬಂದ ಆ ಕ್ಷಣಕ್ಕೆ ಏನು ಮಾಡಬೇಕು ಅನ್ನೋದು ಮೈಗೆ ಅಭ್ಯಾಸ ಆಗಬೇಕು.

ಅಮೆರಿಕದ ಸಿಯಾಟಲ್ ನಗರದ ಕಮಿಟಿ ಫಾರ್ ಚಿಲ್ಡ್ರನ್ ಅನ್ನುವ ಸಂಸ್ಥೆ ಸೆಕೆಂಡ್ ಸ್ಟೆಪ್ ಅಂತ ಒಂದು ಪಾಠಕ್ರಮ ಮಾಡಿದೆ. ಅದರಲ್ಲಿ ಶಿಕ್ಷಕಿ ಒಂದು ದೊಡ್ಡ ಫೋಟೋ ತೋರಿಸುತ್ತಾಳೆ. ಇಬ್ಬರು ಮಕ್ಕಳು, ಒಬ್ಬನ ಮುಖ ಸಪ್ಪಗಿದೆ. ಇವನಿಗೆ ಏನಾಗಿರಬಹುದು, ಮುಖ ನೋಡಿದರೆ ಏನು ಗೊತ್ತಾಗುತ್ತದೆ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳುತ್ತಾಳೆ. ಮಕ್ಕಳು ಉತ್ತರ ಹೇಳುತ್ತಾರೆ, ಆಮೇಲೆ ಎದ್ದು ನಿಂತು ಅದನ್ನೇ ಅಭಿನಯಿಸುತ್ತಾರೆ. ತೀರಾ ಸಣ್ಣವರಿಗೆ ಅದರ ಹಳೆಯ ಆವೃತ್ತಿಯಲ್ಲಿ ಕೈಗೊಂಬೆ ಇದ್ದವು, ಅವಸರದ ನಾಯಿಮರಿ ಒಂದು, ನಿಧಾನದ ಬಸವನಹುಳು ಒಂದು. ಇಂಥದ್ದೇ ಇನ್ನೊಂದು ಪಾಠಕ್ರಮ ಪಾಥ್ಸ್. ಮೊದಲು ಕಿವಿ ಕೇಳದ ಮಕ್ಕಳಿಗೆ ಅಂತ ಮಾಡಿದ್ದು, ಆಮೇಲೆ ಎಲ್ಲ ಮಕ್ಕಳಿಗೂ ಬಂತು. ಅದರಲ್ಲಿ ಆಮೆಯ ಕಥೆ ಇದೆ. ಸಿಟ್ಟು ಬಂದರೆ ಆಮೆ ಚಿಪ್ಪಿನೊಳಗೆ ಹೋಗಿ, ಉದ್ದ ಉಸಿರು ತೆಗೆದುಕೊಂಡು, ಏನಾಯಿತು, ನನಗೆ ಏನನ್ನಿಸಿತು ಅಂತ ಯೋಚಿಸಿ ಹೊರಗೆ ಬರುತ್ತದೆ. ಮಕ್ಕಳು ಕೈ ಮಡಚಿ ಎದೆಗಪ್ಪಿಕೊಂಡು ಆಮೆ ಆಗುತ್ತಾರೆ.

ಈ ಆಮೆಯನ್ನು ನಾನು ನನ್ನ ತರಗತಿಯಲ್ಲಿ ಮಾಡಿಸುತ್ತಿದ್ದೇನೆ. ಏನೂ ಖರ್ಚಿಲ್ಲ. ನಮ್ಮಲ್ಲಿ ಜಗಳ ಹೆಚ್ಚಾಗುವ ಜಾಗ ಎಂದರೆ ಊಟಕ್ಕೆ ಮುಂಚೆ ಕೈ ತೊಳೆಯುವ ನಲ್ಲಿ. ನೀರು ಸಣ್ಣಗೆ ಬರುತ್ತದೆ, ತಟ್ಟೆ ಹಿಡಿದ ಮಕ್ಕಳು ಬಹಳ, ಬಿಸಿಲು ಬೇರೆ, ಹೊಟ್ಟೆ ಹಸಿದಿರುತ್ತದೆ. ಅಲ್ಲಿ ಪರಸಿ ಕಲ್ಲಿನ ಮೇಲೆ ಸುಣ್ಣದಿಂದ ಹೆಜ್ಜೆ ಗುರುತು ಬರೆದೆವು, ಒಂದೊಂದು ಹೆಜ್ಜೆಯ ಮೇಲೆ ಒಬ್ಬೊಬ್ಬರು. ಮೊದಲು ತರಗತಿಯಲ್ಲೇ ನಲ್ಲಿಯ ಆಟ ಆಡಿಸಿದೆ. ಒಬ್ಬ ಬೇಕಂತಲೇ ನಡುವೆ ನುಗ್ಗುತ್ತಾನೆ, ಇನ್ನೊಬ್ಬ ಏನು ಮಾಡಬೇಕು? ಮೊದಮೊದಲು ಎಲ್ಲರೂ ಒಂದೇ ದನಿಯಲ್ಲಿ "ಬಡೀಬೇಕ್ರಿ" ಅಂದರು. ಇನ್ನೇನು ಮಾಡಬಹುದು ಅಂತ ಕೇಳಿದರೆ "ಟೀಚರಿಗಿ ಹೇಳಬೇಕ್ರಿ" ಅಂದರು. ಅದು ಬಿಟ್ಟು ಇನ್ನೇನು ಅಂದಾಗ ಸುಮ್ಮನಾದರು. ಅಲ್ಲಿಂದ ಕೆಲಸ ಶುರು. ಹಿಂದೆ ಸರಿ, ಉಸಿರು ತಗೋ, "ಇದು ನನ್ನ ಸರದಿ ಅದ, ನೀ ಹಿಂದ ನಿಂದ್ರು" ಅಂತ ಗಟ್ಟಿ ಧ್ವನಿಯಲ್ಲಿ ಹೇಳು, ಕೇಳದಿದ್ದರೆ ಆಗ ದೊಡ್ಡವರನ್ನು ಕರೆ. ಇಷ್ಟನ್ನೇ ಬೇರೆ ಬೇರೆ ಮಕ್ಕಳಿಂದ ಮತ್ತೆ ಮತ್ತೆ ಆಡಿಸುತ್ತಾ ಹೋದೆ, ಒಮ್ಮೆ ಪೆನ್ಸಿಲ್ಲಿಗೆ, ಒಮ್ಮೆ ಚೆಂಡಿಗೆ, ಒಮ್ಮೆ ಅಡ್ಡಹೆಸರಿಟ್ಟು ಕರೆದಿದ್ದಕ್ಕೆ.

ಎರಡನೇ ತರಗತಿಯ ಒಬ್ಬ ಹುಡುಗ, ಅವನ ತಂದೆತಾಯಿ ಗುಳೆ ಹೋಗಿದ್ದಾರೆ, ಅಜ್ಜಿ ಜೊತೆ ಇರುತ್ತಾನೆ. ಕಾರ್ಡು ಕೈಯಿಂದ ಜಾರಿದರೂ ಪಕ್ಕದವನಿಗೆ ಒಂದು ಬೀಳುತ್ತಿತ್ತು. ಒಂದು ದಿನ ಅವನ ರಬ್ಬರನ್ನು ಯಾರೋ ತೆಗೆದುಕೊಂಡರು. ಅವನ ಮುಷ್ಟಿ ಬಿಗಿಯಾಗಿದ್ದು ನನಗೆ ದೂರದಿಂದ ಕಾಣಿಸಿತು. ಎದ್ದ, ನಿಂತ, ಮುಷ್ಟಿಯನ್ನು ಹಾಗೇ ಎದೆಗೆ ಒತ್ತಿಕೊಂಡ, ಆಮೇಲೆ ನನ್ನ ಹತ್ತಿರ ಬಂದು "ಟೀಚರ್, ನಂಗ ಭಾಳ ಸಿಟ್ಟು ಬಂದದ್ರಿ" ಅಂದ. ಅಷ್ಟೇ. ಆ ದಿನ ಹೊಡೆಯಲಿಲ್ಲ. ಮುಂದಿನ ವಾರ ಹೊಡೆದ, ಅದನ್ನೂ ಹೇಳಬೇಕು. ಇದೇನು ಮಂತ್ರ ಅಲ್ಲ. ಆದರೆ ಸಿಟ್ಟಿಗೂ ಕೈಗೂ ನಡುವೆ ಒಂದಿಷ್ಟು ಜಾಗ ಆ ಹುಡುಗನಿಗೆ ಸಿಕ್ಕಿದೆ, ಅದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ನಮ್ಮ ಭಾಗದಲ್ಲಿ ಇದರ ಅಗತ್ಯ ಜಾಸ್ತಿ. ಗುಳೆ ಅಂದೆ. ತೊಗರಿ ರಾಶಿ ಮುಗಿದ ಮೇಲೆ ಊರಿಗೆ ಊರೇ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಹೋಗುತ್ತದೆ. ಕೆಲವು ಮಕ್ಕಳು ಜೊತೆಗೆ ಹೋಗಿ ತಿಂಗಳುಗಟ್ಟಲೆ ಆದ ಮೇಲೆ ವಾಪಸ್ ಬರುತ್ತಾರೆ, ಅಷ್ಟರಲ್ಲಿ ಅವರ ಗುಂಪು ಮುಂದೆ ಹೋಗಿರುತ್ತದೆ, ಗೆಳೆಯರು ಬೇರೆಯವರ ಜೊತೆ ಸೇರಿರುತ್ತಾರೆ, ಮತ್ತೆ ತಮ್ಮ ಜಾಗ ಗಳಿಸಬೇಕು. ಸಣ್ಣ ಮಗು ಜಾಗ ಗಳಿಸುವುದು ಹೇಗೆ? ಮೊಣಕೈಯಿಂದ. ಇನ್ನು ಒಂದೇ ಕೋಣೆಯಲ್ಲಿ ತಾಂಡಾದಿಂದ ಬಂದ ಲಂಬಾಣಿ ಮಾತಾಡುವ ಮಗು, ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಮಗು, ಗುರುಮಠಕಲ್ ಕಡೆ ಹೋದರೆ ತೆಲುಗು, ಬೀದರ್ ಕಡೆ ಮರಾಠಿ, ಎಲ್ಲ ಇರುತ್ತಾರೆ. ಒಂದನೇ ತರಗತಿಗೆ ಬಂದ ಹೊಸದರಲ್ಲಿ "ಅದು ನನ್ನದು ಕೊಡು" ಅನ್ನುವಷ್ಟು ಕನ್ನಡವೂ ಕೆಲವರ ಬಾಯಲ್ಲಿ ಇರುವುದಿಲ್ಲ. ಕಿತ್ತುಕೊಳ್ಳುವುದು ಒಂದೇ ದಾರಿ. ಮುಖ ನೋಡಿ ಗುರುತಿಸುವ ಚಿತ್ರ, ಅಭಿನಯ, ಕೈಗೊಂಬೆ ಇವೆಲ್ಲ ಭಾಷೆ ಬಾರದ ಮಗುವಿಗೂ ದಕ್ಕುತ್ತವೆ, ಹಾಗಾಗಿ ಹೊರಗಿನ ಪುಸ್ತಕವನ್ನು ಹಾಗೇ ತರುವ ಅಗತ್ಯ ಇಲ್ಲ. ನಮ್ಮ ನಲ್ಲಿ, ನಮ್ಮ ತಟ್ಟೆ, ನಮ್ಮ ತಾಂಡಾದ ಹುಡುಗಿಯ ಫೋಟೋ ಇಟ್ಟು ಪಾಠ ಮಾಡಬಹುದು.

ಹುಡುಗರ ವಿಷಯದಲ್ಲಿ ಇನ್ನೊಂದು ತೊಂದರೆ. ಬಿದ್ದು ಅಳುತ್ತಾ ಬಂದ ಐದು ವರ್ಷದವನಿಗೂ "ಗಂಡಮಗ ಆಗಿ ಅಳ್ತಿಯಾ?" ಅಂತ ಕೇಳುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ದುಃಖ ತೋರಿಸುವ ಹಾಗಿಲ್ಲ, ಹೆದರಿಕೆ ಹೇಳುವ ಹಾಗಿಲ್ಲ. ಉಳಿದಿದ್ದು ಸಿಟ್ಟು ಒಂದೇ, ಅದಕ್ಕೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ.

ಈಗ ಕೆಲವರು ಕೇಳುತ್ತಾರೆ, ಓದಲು ಬರೆಯಲು ಬಾರದೆ ಫಲಿತಾಂಶ ಕೊನೆಯಲ್ಲಿದೆ, ಇದರ ನಡುವೆ ಆಮೆ ಬಸವನಹುಳು ಅಂತ ಹೊತ್ತು ಕಳೆಯಬೇಕಾ ಅಂತ. ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರವೂ ಇದೆ. 2011ರಲ್ಲಿ ಅಮೆರಿಕದ ಸಂಶೋಧಕ ಜೋಸೆಫ್ ಡರ್ಲಾಕ್ ಮತ್ತು ಜೊತೆಗಾರರು ಇಂಥ 213 ಶಾಲಾ ಕಾರ್ಯಕ್ರಮಗಳನ್ನು, ಒಟ್ಟು 2 ಲಕ್ಷ 70 ಸಾವಿರ ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಮಕ್ಕಳ ನಡವಳಿಕೆ ಸುಧಾರಿಸಿತ್ತು, ಅದರ ಜೊತೆಗೆ ಓದೂ ಸುಧಾರಿಸಿತ್ತು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ 50ನೇ ಜಾಗದಲ್ಲಿದ್ದ ಮಗು 61ನೇ ಜಾಗಕ್ಕೆ ಏರಿದಷ್ಟು. ತರಗತಿ ನಡೆಸುವವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ "ಅಂವಾ ಬಡದಾನ್ರಿ, ಅಕಿ ಜಿಗುಟ್ಯಾಳ್ರಿ" ಅನ್ನುವ ದೂರು ಕೇಳುವುದರಲ್ಲೇ ಎಷ್ಟು ಹೊತ್ತು ಹೋಗುತ್ತದೆ ಅಂತ ನಮಗೆ ಗೊತ್ತು. ಹೊಡೆಸಿಕೊಂಡ ಮಗು ಆಮೇಲೆ ಒಂದು ಗಂಟೆ ಏನೂ ಓದುವುದಿಲ್ಲ ಅನ್ನುವುದೂ ಗೊತ್ತು.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಲ್ಲ ಕಾರ್ಯಕ್ರಮಗಳೂ ಎಲ್ಲ ಕಡೆ ಫಲ ಕೊಟ್ಟಿಲ್ಲ. ಸೆಕೆಂಡ್ ಸ್ಟೆಪ್ ಮೇಲೆ 1997ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ 12 ಶಾಲೆಗಳಲ್ಲಿ, ಎರಡು ಮತ್ತು ಮೂರನೇ ತರಗತಿ ಮಕ್ಕಳ ನಡುವೆ ಅಧ್ಯಯನ ಆಯಿತು. 30 ಪಾಠ ಮುಗಿದ ಮೇಲೆ, ಯಾವ ಮಗುವಿಗೆ ಪಾಠ ಆಗಿದೆ ಅಂತ ಗೊತ್ತಿಲ್ಲದ ವೀಕ್ಷಕರು ಆಟದ ಬಯಲಲ್ಲಿ, ಊಟದ ಜಾಗದಲ್ಲಿ ಕೂತು ನೋಡಿದಾಗ ಹೊಡೆದಾಟ ಕಡಿಮೆಯಾಗಿತ್ತು. ಆದರೆ ಶಿಕ್ಷಕರು, ಪೋಷಕರು ತುಂಬಿಕೊಟ್ಟ ಪಟ್ಟಿಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯೇ ಇಂಥ ಏಳು ಕಾರ್ಯಕ್ರಮಗಳನ್ನು ಒಟ್ಟಿಗೆ ಪರೀಕ್ಷಿಸಿತು. ಸರಾಸರಿ ತೆಗೆದರೆ ಹೇಳಿಕೊಳ್ಳುವಂಥ ಪರಿಣಾಮ ಇರಲಿಲ್ಲ. ಹಾಗಾದರೆ ಬಿಟ್ಟುಬಿಡೋಣವಾ? ಇಲ್ಲ. ಡರ್ಲಾಕ್ ಅವರ ಅಧ್ಯಯನದಲ್ಲೇ ಯಾವುದು ಕೆಲಸ ಮಾಡುತ್ತದೆ ಅನ್ನುವ ಸುಳಿವೂ ಇದೆ. ಪಾಠಗಳು ಒಂದರ ಮೇಲೊಂದು ಕ್ರಮವಾಗಿ ಬರಬೇಕು, ಮಕ್ಕಳು ಕೇಳುವುದಷ್ಟೇ ಅಲ್ಲ, ಎದ್ದು ಮಾಡಬೇಕು, ಅದಕ್ಕೆ ಅಂತಲೇ ಸಮಯ ಇರಬೇಕು, ಏನು ಕಲಿಸುತ್ತಿದ್ದೇವೆ ಅನ್ನುವುದು ಸ್ಪಷ್ಟ ಇರಬೇಕು. ಅಂದರೆ ಬ್ಯಾನರ್ ಕಟ್ಟಿ, ಅತಿಥಿಗಳನ್ನು ಕರೆದು, ಒಂದು ದಿನ ಭಾಷಣ ಮಾಡಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಏನೂ ಆಗುವುದಿಲ್ಲ. ದಯವಿಟ್ಟು ಇದನ್ನು ಇನ್ನೊಂದು ದಿನಾಚರಣೆ ಮಾಡಬೇಡಿ.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ, ಇದನ್ನು ನಮ್ಮ ಅಧಿಕಾರಿಗಳು ಗಮನ ಕೊಟ್ಟು ಓದಬೇಕು. ಬಿಹಾರದ ನಳಂದಾ ಜಿಲ್ಲೆಯಲ್ಲಿ ಸೆಹರ್ ಅನ್ನುವ ಕಾರ್ಯಕ್ರಮ ಮಾಡಿದರು, ಒಂಬತ್ತನೇ ತರಗತಿ ಮಕ್ಕಳಿಗೆ. ಕೆಲವು ಶಾಲೆಗಳಿಗೆ ತರಬೇತಿ ಕೊಟ್ಟ ಸ್ಥಳೀಯ ಆಪ್ತಸಮಾಲೋಚಕರನ್ನು ಕೊಟ್ಟರು, ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಇದ್ದ ಶಿಕ್ಷಕರಿಗೇ ವಹಿಸಿದರು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತ್ತು, ಕೀಟಲೆ ಹಿಂಸೆ ಕಡಿಮೆಯಾಗಿದ್ದವು. ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಬದಲಾವಣೆ ಕಾಣಲಿಲ್ಲ. ಅಮೆರಿಕದ ಅಧ್ಯಯನಗಳಲ್ಲಿ ತರಗತಿ ಶಿಕ್ಷಕರೇ ಇದನ್ನು ಚೆನ್ನಾಗಿ ಮಾಡಿದ್ದಾರೆ, ಹಾಗಾಗಿ ಶಿಕ್ಷಕರಿಂದ ಆಗುವುದಿಲ್ಲ ಅಂತ ಅಲ್ಲ. ಆದರೆ ನಮ್ಮ ಕೈಯಲ್ಲಿ ಏನೇನಿದೆ ನೋಡಿ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತುಂಬುವ ಎಸ್‌ಎಟಿಎಸ್ ಎಂಟ್ರಿ, ಮತದಾರರ ಪಟ್ಟಿ, ಸಮೀಕ್ಷೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದರೆ ಐದೂ ತರಗತಿ ಒಬ್ಬರ ಪಾಲಿಗೆ. ಇದರ ಮೇಲೆ "ಇನ್ನು ಮುಂದೆ ಇದನ್ನೂ ಮಾಡಿ" ಅಂತ ಒಂದು ಸುತ್ತೋಲೆ ಕಳಿಸಿದರೆ ನಳಂದಾದಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ಬೆತ್ತದ ವಿಷಯ ಬಿಟ್ಟು ಈ ಮಾತು ಮುಗಿಸಲು ಆಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಹಾಗಿದ್ದರೂ ಬೆತ್ತ ಶಾಲೆಗಳಿಂದ ಪೂರ್ತಿ ಹೋಗಿಲ್ಲ, ಇದು ಎಲ್ಲರಿಗೂ ಗೊತ್ತಿರುವ ವಿಷಯ. ಪೋಷಕರೇ ಬಂದು "ನಾಲ್ಕು ಬಿಡ್ರಿ ಮೇಡಂ, ಅಂದ್ರನೇ ಸುಧಾರಸ್ತಾನ" ಅನ್ನುತ್ತಾರೆ. ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಮಗ ಹಾದಿಗೆ ಬರಲಿ ಅಂತ. ಆದರೆ ಹೊಡೆದವನನ್ನು ಕರೆದು ನಾವು ಹೊಡೆದರೆ ಆ ಮಗು ಕಲಿಯುವುದು ಏನು? ದೊಡ್ಡವನು ಸಣ್ಣವನಿಗೆ ಹೊಡೆಯಬಹುದು ಅಂತ. ಮೂರನೇ ತರಗತಿಯವನು ಅದನ್ನು ಒಂದನೇ ತರಗತಿಯವನ ಮೇಲೆ ಅದೇ ದಿನ ಪ್ರಯೋಗ ಮಾಡುತ್ತಾನೆ. ಬೆತ್ತ ಇಟ್ಟುಕೊಂಡು ಆಮೆ ಪಾಠ ಮಾಡುವುದರಲ್ಲಿ ಅರ್ಥ ಇಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಈ ಮಾತು ಇಷ್ಟ ಆಗಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಬೆತ್ತ ಕೈಬಿಟ್ಟ ಶಿಕ್ಷಕರಿಗೆ ಅದರ ಬದಲು ಏನು ಮಾಡಬೇಕು ಅನ್ನುವುದನ್ನು ಇಲಾಖೆ ಕಲಿಸಿಕೊಡಬೇಕಿತ್ತು. ಹೊಡೆಯಬೇಡಿ ಅನ್ನುವ ಕಾಯ್ದೆ ಬಂತು, ಹೊಡೆಯದೆ ತರಗತಿ ನಡೆಸುವ ತರಬೇತಿ ಅಷ್ಟಾಗಿ ಬರಲಿಲ್ಲ.

ಶಾಲೆಯ ಗೋಡೆಯೊಳಗೆ ನೋಡಬೇಕಾದ ಜಾಗಗಳೂ ಇವೆ. ನಾರ್ವೆಯಲ್ಲಿ 1983ರಲ್ಲಿ ಡಾನ್ ಓಲ್ವಿಯಸ್ ಅವರು ಶಾಲೆಗಳಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವುದನ್ನು ತಡೆಯುವ ಕಾರ್ಯಕ್ರಮ ಶುರು ಮಾಡಿದಾಗ ಒತ್ತು ಕೊಟ್ಟ ಒಂದು ವಿಷಯ, ಬಿಡುವಿನ ಹೊತ್ತಿನಲ್ಲಿ ದೊಡ್ಡವರು ಬಯಲಲ್ಲಿ ಇರಬೇಕು ಅನ್ನುವುದು. ಬೆರ್ಗೆನ್ ನಗರದ ಶಾಲೆಗಳಲ್ಲಿ ಎರಡು ವರ್ಷದಲ್ಲಿ ಇಂಥ ಪೀಡನೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ ನಲ್ಲಿ, ಶೌಚಾಲಯದ ಹಿಂದಿನ ಸಂದು, ಶಾಲೆ ಬಿಟ್ಟ ಮೇಲೆ ತಾಂಡಾಕ್ಕೆ ನಡೆದುಹೋಗುವ ದಾರಿ, ಇವು ಆ ಜಾಗಗಳು. ನಲ್ಲಿಯ ಹತ್ತಿರ ಯಾರು ನಿಲ್ಲಬೇಕು ಅನ್ನುವುದನ್ನು ಪೋಷಕರಿರುವ ಶಾಲಾ ಸಮಿತಿ ಎಸ್‌ಡಿಎಂಸಿ ಸಭೆಯಲ್ಲಿ ಐದು ನಿಮಿಷದಲ್ಲಿ ತೀರ್ಮಾನ ಮಾಡಬಹುದು. ಬಿಸಿಯೂಟದ ಅಡುಗೆಯವರನ್ನು ಕೇಳಿದರೆ ಯಾವ ಮಗು ಯಾರಿಗೆ ಹೆದರುತ್ತದೆ ಅಂತ ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಹಾಗಾದರೆ ನಾನು ಏನು ಕೇಳುತ್ತಿದ್ದೇನೆ. 2018ರಲ್ಲಿ ದೆಹಲಿ ಸರ್ಕಾರಿ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೇ ತರಗತಿವರೆಗೆ ಹ್ಯಾಪಿನೆಸ್ ಪಠ್ಯಕ್ರಮ ಅಂತ ಒಂದು ಅವಧಿಯನ್ನೇ ಇಟ್ಟರು. ಇಡಲು ಆಗುತ್ತದೆ ಅಂತ ಅದರಿಂದ ಗೊತ್ತಾಯಿತಲ್ಲ. ನಮಗೆ ಪೂರ್ತಿ ಅವಧಿ ಬೇಡ, ನಲಿ-ಕಲಿ ತರಗತಿಯಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ಅದು ವೇಳಾಪಟ್ಟಿಯಲ್ಲಿ ಬರೆದಿರಬೇಕು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಮೂರರಿಂದ ಎಂಟು ವರ್ಷದ ಮಕ್ಕಳ ಭಾವನೆ, ಸಾಮಾಜಿಕ ಬೆಳವಣಿಗೆಗೆ ಜಾಗ ಕೊಟ್ಟಿದ್ದಾರೆ, ಕಾಗದದ ಮೇಲೆ ಅಡ್ಡಿ ಏನೂ ಇಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಸೇರಿ, ನಮ್ಮ ಊರಿನ ಚಿತ್ರ, ನಮ್ಮ ಮಾತು ಇರುವ ಕಾರ್ಡುಗಳನ್ನು ಮಾಡಬಹುದು. ಶಿಕ್ಷಕರನ್ನೇ ಕೂರಿಸಿ ಮಾಡಿಸಿದರೆ ಇನ್ನೂ ಒಳ್ಳೆಯದು. ಅಂಗನವಾಡಿ ಕಾರ್ಯಕರ್ತೆಯರನ್ನು ಆ ತರಬೇತಿಗೆ ಕರೆಯಲೇಬೇಕು, ಯಾಕೆಂದರೆ ಮಕ್ಕಳು ನಮಗಿಂತ ಮೂರು ವರ್ಷ ಮೊದಲು ಅವರ ಕೈಗೆ ಬರುತ್ತಾರೆ.

ಹಣದ ಮಾತು ಬಂದರೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಮಂಡಳಿಯ ಹಣದಲ್ಲಿ ಶಾಲಾ ಕೊಠಡಿಗಳು ಎದ್ದಿವೆ, ಅದಕ್ಕೆ ನಾವು ಋಣಿ. ಅದರಲ್ಲಿ ಸ್ವಲ್ಪ ಭಾಗ ತೆಗೆದು ಹತ್ತಿರದ ಕೆಲವು ಶಾಲೆಗಳು ಸೇರಿದ ಕ್ಲಸ್ಟರಿಗೆ ಒಬ್ಬರಂತೆ ಆಪ್ತಸಮಾಲೋಚಕರನ್ನು ನೇಮಿಸಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ ಕೆಲಸ ಇಲ್ಲದೆ ಕೂತ ಹುಡುಗ ಹುಡುಗಿಯರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ. ಅವರು ವಾರಕ್ಕೊಮ್ಮೆ ಶಾಲೆಗೆ ಬಂದು ನಮ್ಮ ಜೊತೆ ಪಾಠ ಮಾಡಲಿ, ಮೂಲೆ ಸೇರಿದ ಮಗುವಿನ ಜೊತೆ ಕೂರಲಿ, ಮನೆಗೆ ಹೋಗಿ ಅಜ್ಜಿ ಜೊತೆ ಮಾತಾಡಲಿ. ಮನೆಯಲ್ಲೇ ಹೊಡೆತ ತಿನ್ನುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳುವುದು, ಮುಂದಿನದನ್ನು ನೋಡಿಕೊಳ್ಳುವುದು, ಇದು ಒಬ್ಬ ಶಿಕ್ಷಕಿ ಒಂಟಿಯಾಗಿ ಮಾಡುವ ಕೆಲಸ ಅಲ್ಲ, ಊರಲ್ಲೇ ಇರಬೇಕಾದವರಿಗೆ ಅದು ಬಹಳ ಕಷ್ಟ.

ಮೊದಲು ಒಂದು ತಾಲೂಕಿನಲ್ಲಿ ಮಾಡಿ. ಅಳತೆ ಮಾಡುವುದಾದರೆ ಶಿಕ್ಷಕರ ಹತ್ತಿರ ಫಾರಂ ತುಂಬಿಸಬೇಡಿ, ಯಾರಾದರೂ ಹೊರಗಿನವರು ಬಂದು ಊಟದ ಹೊತ್ತಿನಲ್ಲಿ ನಲ್ಲಿ ಹತ್ತಿರ ಕೂತು ಎಣಿಸಲಿ, ಶುರುವಿಗೆ ಒಮ್ಮೆ, ವರ್ಷದ ಕೊನೆಗೆ ಒಮ್ಮೆ. ಕಡಿಮೆಯಾಗದಿದ್ದರೆ ಯಾಕೆ ಅಂತ ನಮ್ಮನ್ನು ಕೇಳಿ, ಹೇಳುತ್ತೇವೆ. ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ ನಲಿ-ಕಲಿ ಶಿಕ್ಷಕರಿಗೆ ಎರಡು ದಿನ ತರಬೇತಿ ಕೊಟ್ಟರೂ ನಮ್ಮ ತಾಲೂಕಿನಿಂದ ಶುರು ಮಾಡಲು ನಾನು ಮತ್ತು ನನ್ನ ಜೊತೆಯ ಕೆಲವು ಶಿಕ್ಷಕಿಯರು ತಯಾರಿದ್ದೇವೆ.

— ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ, ಚಿತ್ತಾಪುರ ತಾಲೂಕು, ಕಲಬುರಗಿ ಜಿಲ್ಲೆ